ಒಂದು ಬಸ್ಸು, 50 ಗಾಯಾಳುಗಳು, ನೀವು ಇಬ್ಬರೇ: ಮೊದಲು ಯಾರನ್ನು ನೋಡಬೇಕು?

ಹೋಮ್ ಗಾರ್ಡ್‌ಗಳಿಗೆ, ಬಸ್ ಡಿಪೋ ಸಿಬ್ಬಂದಿಗೆ, ನರ್ಸಿಂಗ್ ವಿದ್ಯಾರ್ಥಿಗಳಿಗೆ ನಾನು ಮಾಕ್ ಡ್ರಿಲ್ ಮಾಡಿಸುತ್ತೇನೆ. ಪ್ರತಿ ಸಲವೂ ಒಂದೇ ಜಾಗದಲ್ಲಿ ಎಡವುತ್ತಾರೆ. ಬಸ್ಸಿನ ಬಾಗಿಲ ಹತ್ತಿರ ಕಾಲು ಮುರಿದವನ ಪಾತ್ರ ಮಾಡುವ ಹುಡುಗ ಜೋರಾಗಿ ಕಿರುಚುತ್ತಿರುತ್ತಾನೆ. ಮೊದಲು ಓಡಿ ಬಂದವರು ಅವನ ಪಕ್ಕ ಕೂತು ಕಾಲಿಗೆ ಪಟ್ಟಿ ಕಟ್ಟಲು ಶುರು ಮಾಡುತ್ತಾರೆ. ಎರಡನೆಯವರು ಕತ್ತರಿ ಹಿಡಿದುಕೊಂಡು ಅವರಿಗೆ ನೆರವಾಗಲು ಕೂರುತ್ತಾರೆ. ಹತ್ತು ನಿಮಿಷ ಹೋಗಿಬಿಡುತ್ತದೆ. ಹಿಂದಿನ ಸೀಟಿನ ಕೆಳಗೆ ಸದ್ದಿಲ್ಲದೆ ಬಿದ್ದಿರುವ ಹುಡುಗಿಯ ಕೊರಳಲ್ಲಿ ನಾನು ಒಂದು ಚೀಟಿ ಹಾಕಿರುತ್ತೇನೆ: 'ನಾಲಿಗೆ ಗಂಟಲಿಗೆ ಅಡ್ಡ ಬಿದ್ದಿದೆ. ದವಡೆ ಎತ್ತಿದರೆ ಉಸಿರಾಡುತ್ತಾಳೆ.' ಅದನ್ನು ಓದುವ ಹೊತ್ತಿಗೆ ಯಾವಾಗಲೂ ತಡವಾಗಿರುತ್ತದೆ.

ಅವರಿಗೆ ಮನಸ್ಸಿಲ್ಲ ಅಂತಲ್ಲ, ಕೈಗೆ ಕೆಲಸವೂ ಗೊತ್ತಿದೆ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಮಾತ್ರ ತಲೆಯಲ್ಲಿ ಕೂತಿರುವುದಿಲ್ಲ. ಗಾಯಾಳುಗಳು ಜಾಸ್ತಿ, ಕೈಗಳು ಕಮ್ಮಿ ಇದ್ದಾಗ ಮೊದಲು ಎಲ್ಲರನ್ನೂ ಬೇಗ ಬೇಗ ನೋಡಿ ವಿಂಗಡಿಸಬೇಕು. ಚಿಕಿತ್ಸೆ ಆಮೇಲೆ. ಈ ವಿಂಗಡಣೆಗೇ ಟ್ರಯಾಜ್ ಅನ್ನುತ್ತಾರೆ. ಇಲ್ಲಿ ಹೇಳುತ್ತಿರುವುದು ಸ್ಟಾರ್ಟ್ ಅನ್ನುವ ವಿಧಾನ. ಡಾಕ್ಟರೇ ಆಗಬೇಕಿಲ್ಲ, ಯಂತ್ರವೂ ಬೇಡ. ಒಬ್ಬರಿಗೆ 30 ಸೆಕೆಂಡು ಸಾಕು.

## ಕೈಯಲ್ಲಿ ಇರಬೇಕಾದ ಸಾಮಾನು

ನನ್ನ ಚೀಲದಲ್ಲಿ ಇಷ್ಟೇ ಇರುತ್ತದೆ: ನಾಲ್ಕು ಬಣ್ಣದ ಬಟ್ಟೆ ಪಟ್ಟಿಗಳು (ಕೆಂಪು ಅಂದರೆ ಮೊದಲು ಸಾಗಿಸಬೇಕಾದವರು, ಹಳದಿ ಅಂದರೆ ಅವರ ನಂತರದವರು, ಹಸಿರು ಅಂದರೆ ಕಾಯಬಹುದಾದವರು, ಕಪ್ಪು ಅಂದರೆ ಉಸಿರು ನಿಂತವರು), ಎರಡು ಮಾರ್ಕರ್ ಪೆನ್ನು, ಕೈಗವಸು, ತಲೆಗೆ ಕಟ್ಟುವ ಟಾರ್ಚು, ಬಟ್ಟೆ ಕತ್ತರಿಸುವ ಮೊಂಡು ತುದಿಯ ಕತ್ತರಿ, ನಾಲ್ಕು ಟೂರ್ನಿಕೆ (ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಪಟ್ಟಿ), ಒಂದಿಷ್ಟು ಗಾಜ್ ಬಟ್ಟೆ, ಒಂದು ಸೀಟಿ, ರಟ್ಟಿಗೆ ಕ್ಲಿಪ್ ಹಾಕಿದ ಹಾಳೆಗಳು.

ಬಟ್ಟೆ ಪಟ್ಟಿ ಯಾಕೆ ಅಂತ ಕೇಳುತ್ತೀರಿ. ಮಲೆನಾಡಿನ ಮಳೆಯಲ್ಲಿ ಒಮ್ಮೆ ಮಾರ್ಕರ್ ಹಿಡಿದು ಗಾಯಾಳುಗಳ ಮುಂಗೈ ಮೇಲೆ ಬರೆಯಲು ಹೋಗಿದ್ದೆ. ಒದ್ದೆ ಚರ್ಮದ ಮೇಲೆ ಅದು ಮೂಡಲೇ ಇಲ್ಲ. ಒರೆಸಿ ಬರೆದರೆ ರಕ್ತ, ಮಳೆ ಸೇರಿ ಹರಿದುಹೋಯಿತು. ಮರುದಿನವೇ ಬಟ್ಟೆ ಅಂಗಡಿಗೆ ಹೋಗಿ ಕಾಲು ಕಾಲು ಮೀಟರ್ ಬ್ಲೌಸ್ ಪೀಸ್ ತಂದು ಪಟ್ಟಿ ಪಟ್ಟಿ ಹರಿದಿಟ್ಟುಕೊಂಡೆ. ಬಣ್ಣದ ಜೊತೆ ಪಟ್ಟಿಯ ಮೇಲೆ ಮೊದಲೇ ಅಂಕಿಯನ್ನೂ ದಪ್ಪಗೆ ಬರೆದಿಡಿ: ಕೆಂಪಿಗೆ 1, ಹಳದಿಗೆ 2, ಹಸಿರಿಗೆ 3, ಕಪ್ಪಿಗೆ 0. ರಾತ್ರಿ ಲಾರಿಯ ಹೆಡ್‌ಲೈಟ್ ಬೆಳಕಿನಲ್ಲಿ ಬಣ್ಣ ಮೋಸ ಮಾಡುತ್ತದೆ. ಅಂಕಿ ಮಾಡುವುದಿಲ್ಲ.

## ಹಂತ 1: ನಿಂತು ನೋಡಿ, ನುಗ್ಗಬೇಡಿ

ಓಡುವ ಮೊದಲು ಹತ್ತು ಸೆಕೆಂಡು ನಿಲ್ಲಿ. ವಿದ್ಯುತ್ ತಂತಿ ಹರಿದು ಬಿದ್ದಿದೆಯಾ? ಡೀಸೆಲ್ ಸೋರುತ್ತಿದೆಯಾ? ಗ್ಯಾಸ್ ಟ್ಯಾಂಕರ್ ಇದೆಯಾ? ಬಸ್ಸು ಇನ್ನೂ ಜಾರುವ ಹಾಗಿದೆಯಾ? ಹಿಂದಿನಿಂದ ಬರುವ ಗಾಡಿಗಳಿಗೆ ಅಪಘಾತ ಕಾಣಿಸುತ್ತದಾ?

ಕೊನೆಯದನ್ನೇ ಜನ ಮರೆಯುತ್ತಾರೆ. ಘಾಟಿಯ ತಿರುವಿನಲ್ಲಿ ಎರಡನೇ ಗಾಡಿ ಬಂದು ನೆರವಿಗೆ ನಿಂತವರಿಗೇ ಗುದ್ದುವುದುಂಟು. ತಿರುವಿನ ಆಚೆಗೆ ಇಬ್ಬರನ್ನು ಟಾರ್ಚು ಅಥವಾ ಮರದ ಕೊಂಬೆ ಕೊಟ್ಟು ನಿಲ್ಲಿಸಿ. ತಂತಿ ಬಿದ್ದಿದ್ದರೆ ಲೈನ್ ಆಫ್ ಆಗಿದೆ ಅಂತ ಖಚಿತವಾಗುವ ತನಕ ಹತ್ತಿರ ಹೋಗಬೇಡಿ. ಸುತ್ತಮುತ್ತ ಯಾರೂ ಬೀಡಿ ಸಿಗರೇಟು ಹಚ್ಚದಂತೆ ನೋಡಿಕೊಳ್ಳಿ. ನೆರವಿಗೆ ಹೋದ ನೀವೇ ಗಾಯಾಳು ಆದರೆ ಲೆಕ್ಕಕ್ಕೆ ಇನ್ನೊಬ್ಬರು ಸೇರಿದರು, ಕೈ ಎರಡು ಕಮ್ಮಿಯಾಯಿತು.

## ಹಂತ 2: ಮೊದಲ ಫೋನ್ ಕರೆ

112 ಅಥವಾ 108. ರಾಷ್ಟ್ರೀಯ ಹೆದ್ದಾರಿಯಾದರೆ 1033 ಕೂಡ. 'ಬೇಗ ಬನ್ನಿ, ತುಂಬಾ ಜನ ಬಿದ್ದಿದ್ದಾರೆ' ಅಂದರೆ ಆ ಕಡೆಯವರಿಗೆ ಏನೂ ತಿಳಿಯುವುದಿಲ್ಲ. ಒಂದೇ ಆಂಬುಲೆನ್ಸ್ ಕಳಿಸಿ ಸುಮ್ಮನಾಗಬಹುದು. ಹೀಗೆ ಹೇಳಿ:

"ಶಿರಾಡಿ ಘಾಟಿಯಲ್ಲಿ ಬಸ್ ಪಲ್ಟಿ. ಸಕಲೇಶಪುರದಿಂದ ಇಳಿಯುವಾಗ ಎಡಗಡೆ, ಇಂಥ ಕಿಲೋಮೀಟರ್ ಕಲ್ಲಿನ ಹತ್ತಿರ. ಸುಮಾರು 50 ಜನ ಇದ್ದರು. ಒಳಗೆ ಸಿಕ್ಕಿಕೊಂಡವರಿದ್ದಾರೆ. ಡೀಸೆಲ್ ಸೋರುತ್ತಿದೆ, ಅಗ್ನಿಶಾಮಕ ಬೇಕು. ರಸ್ತೆ ಅರ್ಧ ಮುಚ್ಚಿದೆ. ಎರಡೂ ಕಡೆಯಿಂದ ಆಂಬುಲೆನ್ಸ್ ಕಳಿಸಿ."

ಜಾಗ, ಏನಾಯಿತು, ಅಪಾಯ ಏನು, ಬರುವ ದಾರಿ ಯಾವುದು, ಎಷ್ಟು ಜನ, ಏನೇನು ಬೇಕು. ಈ ಆರು ಸಂಗತಿ ಸಾಕು. ಘಾಟಿಯಲ್ಲಿ 'ಎರಡೂ ಕಡೆಯಿಂದ' ಅನ್ನುವ ಮಾತನ್ನು ಮರೆಯಲೇಬೇಡಿ. ಅಪಘಾತವಾದ ಸ್ವಲ್ಪ ಹೊತ್ತಿಗೇ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತವೆ. ಹಾಸನದ ಕಡೆಯಿಂದ ಬಂದ ಆಂಬುಲೆನ್ಸ್ ಆ ಸಾಲನ್ನು ದಾಟಿ ಮಂಗಳೂರಿನ ಕಡೆಗೆ ಹೋಗಲಾರದು.

## ಹಂತ 3: ನಡೆಯುವವರನ್ನು ಕರೆದು ಬೇರೆ ಮಾಡಿ

ಈಗಲೂ ಯಾರನ್ನೂ ಮುಟ್ಟುವ ಹೊತ್ತಲ್ಲ. ಜೋರಾಗಿ ಕೂಗಿ: "ಎದ್ದು ನಡೆಯೋಕೆ ಆಗುವವರು ಎಲ್ಲರೂ ಆ ಬೋರ್ಡಿನ ಹತ್ತಿರ ಬನ್ನಿ!" ಕೈಯಿಂದ ಜಾಗ ತೋರಿಸಿ. ಒಂದೇ ಕೂಗಿಗೆ ಅರ್ಧ ಜನ ಬೇರೆಯಾಗಬಹುದು. ಇವರಿಗೆಲ್ಲ ಹಸಿರು ಪಟ್ಟಿ.

ಹಸಿರು ಅಂದರೆ ಏನೂ ಆಗಿಲ್ಲ ಅಂತಲ್ಲ. ಸದ್ಯಕ್ಕೆ ಕಾಯಬಹುದು ಅಂತ ಮಾತ್ರ. ಹೊಟ್ಟೆಯೊಳಗೆ ರಕ್ತ ಸೋರುತ್ತಿರುವವರೂ ಮೊದಲ ಅರ್ಧ ಗಂಟೆ ನಡೆದಾಡುತ್ತಿರಬಹುದು. ಅವರಲ್ಲೇ ಗಟ್ಟಿಯಾಗಿರುವ ಒಬ್ಬರನ್ನು ಆರಿಸಿ, "ಇವರು ಯಾರೂ ಇಲ್ಲಿಂದ ಹೋಗದ ಹಾಗೆ ನೋಡಿಕೊಳ್ಳಿ, ಯಾರಾದರೂ ಮಂಕಾದರೆ, ಬಿದ್ದರೆ ನನ್ನನ್ನು ಕೂಗಿ" ಅಂತ ಒಪ್ಪಿಸಿ. ಇದನ್ನು ಮಾಡದಿದ್ದರೆ ಏನಾಗುತ್ತದೆ ಗೊತ್ತಾ? ಈ ಹಸಿರಿನವರೇ ಸಿಕ್ಕ ಆಟೋ, ಕಾರು ಹತ್ತಿ ಹತ್ತಿರದ ತಾಲೂಕು ಆಸ್ಪತ್ರೆಗೆ ಮೊದಲು ತಲುಪುತ್ತಾರೆ. ಅಲ್ಲಿನ ಹಾಸಿಗೆಗಳೆಲ್ಲ ತುಂಬುತ್ತವೆ. ನಿಜಕ್ಕೂ ಸಾಯುವ ಸ್ಥಿತಿಯಲ್ಲಿರುವವರು ಬರುವಾಗ ಡಾಕ್ಟರು ಯಾರದೋ ಮೊಣಕೈಗೆ ಹೊಲಿಗೆ ಹಾಕುತ್ತಿರುತ್ತಾರೆ.

ನೀರು, ಸೋಡಾ ಕುಡಿಸುವವರನ್ನು ತಡೆಯಿರಿ. ನಮ್ಮ ಜನರ ಪ್ರೀತಿ ಅದು, ನಿಜ. ಆದರೆ ಹೊಟ್ಟೆಗೆ ಪೆಟ್ಟಾದವರಿಗೆ, ಆಪರೇಷನ್ ಆಗಬೇಕಾದವರಿಗೆ, ಅರೆಪ್ರಜ್ಞೆಯಲ್ಲಿ ಇರುವವರಿಗೆ ಅದು ಅಪಾಯ.

## ಹಂತ 4: ಬಿದ್ದವರ ಹತ್ತಿರ 30 ಸೆಕೆಂಡು

ಇಡೀ ಕೆಲಸದ ತಿರುಳು ಇಲ್ಲಿದೆ. ನಿಮಗೆ ಹತ್ತಿರ ಇರುವವರಿಂದ ಶುರು ಮಾಡಿ ಒಂದೇ ದಿಕ್ಕಿನಲ್ಲಿ ಸಾಗಿ. ಕಿರುಚುವವರ ಕಡೆ ಓಡಬೇಡಿ. ಕಿರುಚುವವರಿಗೆ ಉಸಿರಿದೆ, ಗಂಟಲು ತೆರೆದಿದೆ, ಅದು ಒಳ್ಳೆಯ ಸುದ್ದಿ. ಸುಮ್ನೆ ಬಿದ್ದಿರುವವರ ಬಗ್ಗೆಯೇ ಹೆದರಬೇಕು.

ಪ್ರತಿಯೊಬ್ಬರ ಹತ್ತಿರವೂ ಇದೇ ಕ್ರಮ: ಉಸಿರು, ನಾಡಿ, ಮಾತು.

ಉಸಿರು. ಎದೆ ಏರಿಳಿಯುತ್ತಿದೆಯಾ ನೋಡಿ. ಇಲ್ಲದಿದ್ದರೆ ಕುತ್ತಿಗೆಯನ್ನು ತಿರುಚದೆ ಎರಡೂ ಕೈಯಿಂದ ದವಡೆಯನ್ನು ಮುಂದಕ್ಕೆ ಎತ್ತಿ. ಬಾಯಲ್ಲಿ ಕಾಣುವ ಹಲ್ಲಿನ ಸೆಟ್ಟು, ಎಲೆ ಅಡಿಕೆ, ವಾಂತಿ ತೆಗೆಯಿರಿ. ಉಸಿರು ಬಂತಾ? ಕೆಂಪು. ಪಕ್ಕಕ್ಕೆ ಮಲಗಿಸಿ ಅಥವಾ ದವಡೆ ಹಿಡಿದುಕೊಳ್ಳಲು ಯಾರನ್ನಾದರೂ ಕೂರಿಸಿ ಮುಂದೆ ಹೋಗಿ. ಬರಲಿಲ್ಲವಾ? ಕಪ್ಪು.

ಉಸಿರು ಇದ್ದರೆ 10 ಸೆಕೆಂಡು ಎಣಿಸಿ. ಐದಕ್ಕಿಂತ ಜಾಸ್ತಿ ಬಂದರೆ ನಿಮಿಷಕ್ಕೆ 30 ದಾಟಿತು ಅಂತ ಅರ್ಥ. ಅದು ಕೆಂಪು. ಮುಂದಿನದನ್ನು ನೋಡುವುದೇ ಬೇಡ, ಪಟ್ಟಿ ಕಟ್ಟಿ ಮುಂದಿನವರ ಹತ್ತಿರ ಹೋಗಿ.

ನಾಡಿ. ಉಸಿರು 30ರ ಒಳಗಿದ್ದರೆ ಮಣಿಕಟ್ಟಿನ ನಾಡಿ ಹಿಡಿಯಿರಿ. ಸಿಗದಿದ್ದರೆ ಕೆಂಪು. ಉಗುರು ಒತ್ತಿ ಬಿಟ್ಟು, ಬಣ್ಣ ಮರಳಲು 2 ಸೆಕೆಂಡಿಗಿಂತ ಜಾಸ್ತಿ ಬೇಕಾಯಿತಾ ಅಂತ ನೋಡುವ ಪದ್ಧತಿಯೂ ಇದೆ. ಆದರೆ ಚಳಿಯಲ್ಲಿ, ಕತ್ತಲಲ್ಲಿ, ನೇಲ್ ಪಾಲಿಶ್ ಇದ್ದರೆ ಅದು ಕೈಕೊಡುತ್ತದೆ. ನಾನು ನಾಡಿಯನ್ನೇ ನಂಬುತ್ತೇನೆ. ಧಾರಾಳ ರಕ್ತ ಹರಿಯುತ್ತಿದ್ದರೆ ಇದೇ ಹೊತ್ತಿಗೆ ತಡೆಯಬೇಕು. ಹೇಗೆ ಅಂತ ಮುಂದೆ ಹೇಳುತ್ತೇನೆ.

ಮಾತು. ನಾಡಿ ಸಿಕ್ಕರೆ ಒಂದು ಸಣ್ಣ ಕೆಲಸ ಹೇಳಿ: "ಕಣ್ಣು ಮುಚ್ಚಿ, ತೆಗೀರಿ. ನನ್ನ ಕೈ ಗಟ್ಟಿಯಾಗಿ ಹಿಡಿರಿ." ಮಾಡಲಿಲ್ಲವಾ? ಕೆಂಪು. ಮಾಡಿದರಾ? ಹಳದಿ.

ಇಲ್ಲಿ ಒಂದು ಎಚ್ಚರಿಕೆ. ಧರ್ಮಸ್ಥಳಕ್ಕೋ ಶಬರಿಮಲೆಗೋ ಹೊರಟ ಬಸ್ಸಿನಲ್ಲಿ ತೆಲುಗಿನವರು, ಮರಾಠಿಯವರು ಇರಬಹುದು. ಕನ್ನಡ ಗೊತ್ತಿಲ್ಲದ ಅಜ್ಜಿ ಕಣ್ಣು ಬಿಟ್ಟು ನಿಮ್ಮನ್ನೇ ನೋಡುತ್ತಾ ಸುಮ್ಮನಿದ್ದರೆ ಅದು ತಲೆಗೆ ಪೆಟ್ಟಾದ ಲಕ್ಷಣ ಆಗಬೇಕಿಲ್ಲ. ನಿಮ್ಮ ಕೈ ಮುಷ್ಟಿ ಮಾಡಿ, ಬಿಚ್ಚಿ ತೋರಿಸಿ. ಅವರೂ ಹಾಗೇ ಮಾಡಿದರೆ ಸಾಕು. ಕಿವಿ ಕೇಳದವರಿಗೂ ಇದೇ ಉಪಾಯ.

ಮೂರು ಜನರನ್ನು ನೋಡೋಣ. ಡ್ರೈವರ್ ಸೀಟಿನ ಹಿಂದೆ ಒಬ್ಬ ನಡುವಯಸ್ಸಿನ ಗಂಡಸು. ತೊಡೆಯ ಮೂಳೆ ಮುರಿದು ಕಾಲು ಸೊಟ್ಟಗಾಗಿದೆ, ಕೂಗಾಡುತ್ತಿದ್ದಾರೆ. ಉಸಿರು 10 ಸೆಕೆಂಡಿಗೆ 4, ನಾಡಿ ಸಿಗುತ್ತದೆ, ಕೈ ಹಿಡಿಯುತ್ತಾರೆ. ಹಳದಿ. ಪಕ್ಕದಲ್ಲಿ ಕಾಲೇಜು ಹುಡುಗ. ಮೈಮೇಲೆ ಒಂದು ಗೀರೂ ಇಲ್ಲ, ಕೂತಿದ್ದಾನೆ, "ನಂಗೇನಿಲ್ಲ ಸಾರ್" ಅನ್ನುತ್ತಾನೆ. ಆದರೆ ಒಂದೊಂದೇ ಮಾತಿಗೆ ಉಸಿರು ತಗೋತಿದ್ದಾನೆ. ಎಣಿಸಿದರೆ 10 ಸೆಕೆಂಡಿಗೆ 7. ಕೆಂಪು. ಎದೆಗೆ ಸ್ಟೀಲ್ ಕಂಬಿ ಬಡಿದಿರುತ್ತದೆ, ಹೊರಗೆ ಕಾಣಿಸುವುದಿಲ್ಲ. ಮೂರನೆಯವರು ವಯಸ್ಸಾದ ಹೆಂಗಸು, ಮುಖ ಪೂರ್ತಿ ರಕ್ತ, ನೋಡಿದರೆ ಎದೆ ಝಲ್ಲೆನ್ನುತ್ತದೆ. ಉಸಿರು, ನಾಡಿ, ಮಾತು ಮೂರೂ ಸರಿ. ನೆತ್ತಿಯ ಗಾಯದಿಂದ ರಕ್ತ ಹಾಗೇ ಸುರಿಯುತ್ತದೆ. ಅಲ್ಲಿ ಬಟ್ಟೆ ಒತ್ತಿ ಹಿಡಿಯಲು ಯಾರನ್ನಾದರೂ ಕೂರಿಸಿದರೆ ಹಳದಿ. ಕಣ್ಣಿಗೆ ಕಂಡದ್ದನ್ನು ನಂಬಿದ್ದರೆ ಈ ಮೂವರ ಸರದಿಯೂ ತಲೆಕೆಳಗಾಗುತ್ತಿತ್ತು, ಅಲ್ವಾ?

## ಹಂತ 5: ಈ ಸುತ್ತಿನಲ್ಲಿ ಎರಡೇ ಚಿಕಿತ್ಸೆ

ಉಸಿರಿನ ದಾರಿ ತೆರೆಯುವುದು ಒಂದು. ಹರಿಯುವ ರಕ್ತ ನಿಲ್ಲಿಸುವುದು ಇನ್ನೊಂದು. ಡ್ರಿಪ್, ಮೂಳೆಗೆ ಕಟ್ಟು, ಗಾಯ ತೊಳೆಯುವುದು, ಬಿಪಿ ನೋಡುವುದು ಎಲ್ಲವೂ ಆಮೇಲೆ.

ರಕ್ತ ಚಿಮ್ಮುತ್ತಿದ್ದರೆ ಗಾಯದ ಮೇಲೇ ಬಟ್ಟೆ ಇಟ್ಟು ಅಂಗೈಯಿಂದ ಬಲವಾಗಿ ಒತ್ತಿ. ನೀವು ಮುಂದೆ ಹೋಗಬೇಕಲ್ಲ, ಒತ್ತುವ ಕೆಲಸವನ್ನು ಪಕ್ಕದಲ್ಲಿ ನಿಂತವರಿಗೆ ಕೊಡಿ. ಮೊಬೈಲಲ್ಲಿ ವಿಡಿಯೊ ಮಾಡುತ್ತಾ ನಿಂತವರ ಕೈ ಹಿಡಿದು ಗಾಯದ ಮೇಲೆ ಇಟ್ಟು, "ನಾನು ಹೇಳೋವರೆಗೂ ಬಿಡಬೇಡಿ ಅಣ್ಣ" ಅಂದರೆ ಸಾಮಾನ್ಯವಾಗಿ ಬಿಡುವುದಿಲ್ಲ. ಕೆಲಸ ಕೊಟ್ಟರೆ ಜನ ಮಾಡುತ್ತಾರೆ.

ಕೈಕಾಲಿನ ರಕ್ತ ಒತ್ತಿದರೂ ನಿಲ್ಲದಿದ್ದರೆ ಟೂರ್ನಿಕೆ. ಗಾಯಕ್ಕಿಂತ ನಾಲ್ಕು ಬೆರಳು ಮೇಲೆ ಕಟ್ಟಿ. ಮೊಣಕಾಲು, ಮೊಣಕೈ ಕೀಲಿನ ಮೇಲೆ ಬೇಡ. ರಕ್ತ ನಿಲ್ಲುವ ತನಕ ತಿರುಚಿ. ನೋವಾಗುತ್ತದೆ, ಕೂಗುತ್ತಾರೆ, ಆದರೂ ಸಡಿಲ ಬಿಡಬೇಡಿ. ಅರೆಬರೆ ಬಿಗಿದರೆ ರಕ್ತ ಇನ್ನೂ ಜಾಸ್ತಿ ಹೋಗುತ್ತದೆ. ಕಟ್ಟಿದ ಗಂಟೆ, ನಿಮಿಷ ಪಟ್ಟಿಯ ಮೇಲೆ ಬರೆಯಿರಿ. ಆಸ್ಪತ್ರೆ ತಲುಪುವ ಮೊದಲು 'ಸ್ವಲ್ಪ ಗಾಳಿಯಾಡಲಿ' ಅಂತ ಬಿಚ್ಚಬಾರದು. ಟೂರ್ನಿಕೆ ಇಲ್ಲದಿದ್ದರೆ ಮೂರು ಬೆರಳು ಅಗಲಕ್ಕೆ ಮಡಚಿದ ದುಪ್ಪಟ್ಟಾ ಅಥವಾ ಟವೆಲ್ ಸುತ್ತಿ, ಗಂಟಿನೊಳಗೆ ಗಟ್ಟಿ ಕೋಲು ಅಥವಾ ಸ್ಪ್ಯಾನರ್ ಇಟ್ಟು ತಿರುಚಿ. ಸಣ್ಣ ಹಗ್ಗ, ವೈರು ಬೇಡವೇ ಬೇಡ, ಚರ್ಮ, ನರ ಕೊಯ್ಯುತ್ತವೆ.

## ಹಂತ 6: ಮಕ್ಕಳಿಗೆ ಲೆಕ್ಕ ಬೇರೆ

ಸುಮಾರು 8 ವರ್ಷದವರೆಗಿನ ಮಕ್ಕಳು ಸಹಜವಾಗಿಯೇ ದೊಡ್ಡವರಿಗಿಂತ ಬೇಗ ಉಸಿರಾಡುತ್ತಾರೆ. ಅವರಿಗೆ ನಿಮಿಷಕ್ಕೆ 15ಕ್ಕಿಂತ ಕಮ್ಮಿ ಅಥವಾ 45ಕ್ಕಿಂತ ಜಾಸ್ತಿ ಇದ್ದರೆ ಕೆಂಪು.

ಇನ್ನೊಂದು ದೊಡ್ಡ ವ್ಯತ್ಯಾಸ: ಮಗುವಿಗೆ ಉಸಿರಿಲ್ಲ, ದವಡೆ ಎತ್ತಿದರೂ ಬರಲಿಲ್ಲ ಅಂದ ಕೂಡಲೇ ಕಪ್ಪು ಕಟ್ಟಬೇಡಿ. ನಾಡಿ ನೋಡಿ. ನಾಡಿ ಇದ್ದರೆ ಬಾಯಿಂದ ಐದು ಸಲ ಉಸಿರು ಊದಿ. ಮಕ್ಕಳಲ್ಲಿ ಮೊದಲು ನಿಲ್ಲುವುದು ಸಾಮಾನ್ಯವಾಗಿ ಉಸಿರು, ಹೃದಯ ಇನ್ನೂ ಸ್ವಲ್ಪ ಹೊತ್ತು ಓಡುತ್ತಿರುತ್ತದೆ. ಊದಿದ ಮೇಲೆ ತಾನೇ ಉಸಿರಾಡಲು ಶುರು ಮಾಡಿದರೆ ಕೆಂಪು. ಹೇಳಿದ ಕೆಲಸ ಮಾಡಲು ಗೊತ್ತಾಗದ ಪುಟ್ಟ ಮಗುವಾದರೆ, ಕರೆದಾಗ ತಿರುಗುತ್ತದಾ, ಚಿವುಟಿದರೆ ಕೈ ಎಳೆದುಕೊಳ್ಳುತ್ತದಾ ಅಂತ ನೋಡಿದರೆ ಸಾಕು. ಅಮ್ಮನ ಕಂಕುಳಲ್ಲಿ ಹಸಿರು ಗುಂಪಿಗೆ ನಡೆದು ಹೋದ ಕೂಸನ್ನು ಮರೆಯಬೇಡಿ. ನಡೆದದ್ದು ಅಮ್ಮ, ಕೂಸಲ್ಲ. ಆ ಗುಂಪಿನಲ್ಲಿ ಮೊದಲು ಪರೀಕ್ಷಿಸಬೇಕಾದ್ದು ಅದನ್ನೇ.

ಗರ್ಭಿಣಿಯರು ಇದ್ದರೆ ಎಡಮಗ್ಗುಲಿಗೆ ಮಲಗಿಸಿ, ಪಟ್ಟಿಯ ಮೇಲೆ ಬರೆಯಿರಿ.

## ಹಂತ 7: ಕಪ್ಪು ಪಟ್ಟಿ

ಎಲ್ಲರ ಕೈ ನಡುಗುವುದು ಇಲ್ಲಿಯೇ. ದವಡೆ ಎತ್ತಿದರೂ ಉಸಿರು ಬಾರದವರಿಗೆ ಸಿಪಿಆರ್ (ಎದೆ ಒತ್ತಿ ಹೃದಯ ಓಡಿಸುವುದು) ಮಾಡಬೇಕು ಅಂತ ಮನಸ್ಸು ಎಳೆಯುತ್ತದೆ. ಒಬ್ಬರೇ ಗಾಯಾಳು ಇದ್ದಿದ್ದರೆ ಖಂಡಿತ ಮಾಡಬೇಕಿತ್ತು. ಆದರೆ ಸಿಪಿಆರ್ ಶುರು ಮಾಡಿದರೆ ಇಬ್ಬರನ್ನು ಮುಂದಿನ ಅರ್ಧ ಗಂಟೆ ಅಲ್ಲೇ ಕಟ್ಟಿಹಾಕಿದ ಹಾಗೆ. ದೊಡ್ಡ ಪೆಟ್ಟಿನಿಂದ ನಿಂತ ಹೃದಯ ಅಷ್ಟಕ್ಕೆ ಮರಳುವುದು ತೀರಾ ಅಪರೂಪ. ಅಷ್ಟು ಹೊತ್ತಿನಲ್ಲಿ ರಕ್ತ ನಿಲ್ಲಿಸಿದರೆ ಬದುಕುವ ನಾಲ್ಕು ಜನ ಕಾಯುತ್ತಿರುತ್ತಾರೆ.

ನಾನು ಕಪ್ಪು ಕಟ್ಟಿದ ಮುಖಗಳು ನನಗೆ ನೆನಪಿವೆ. ಮರೆಯುವುದು ಬೇಕಾಗಿಯೂ ಇಲ್ಲ. ಅದಕ್ಕೇ ಒಂದು ರೂಢಿ ಇಟ್ಟುಕೊಂಡಿದ್ದೇನೆ, ನಿಮಗೂ ಹೇಳುತ್ತೇನೆ: ಮೊದಲ ಸುತ್ತು ಮುಗಿದು ಕೈಗಳು ಬಂದ ಮೇಲೆ ಕಪ್ಪಿನವರ ಹತ್ತಿರ ಇನ್ನೊಮ್ಮೆ ಹೋಗಿ ನೋಡಿ. ಗದ್ದಲದಲ್ಲಿ, ಕತ್ತಲಲ್ಲಿ ಮೆಲ್ಲಗಿನ ಉಸಿರು ಕಣ್ಣು ತಪ್ಪಿಸಿರಬಹುದು. ಆಮೇಲೆ ಮುಖಕ್ಕೆ ಬಟ್ಟೆ ಹೊದಿಸಿ, ಇದ್ದ ಜಾಗದಲ್ಲೇ ಬಿಡಿ. ಗುರುತು ಹಿಡಿಯಲು ಪೊಲೀಸರಿಗೆ ಆ ಜಾಗ, ಪಕ್ಕದ ಬ್ಯಾಗು ಎಲ್ಲ ಬೇಕು. ಯಾರೂ ಫೋಟೊ ತೆಗೆಯದ ಹಾಗೆ ನೋಡಿಕೊಳ್ಳಿ.

## ಹಂತ 8: ಪಟ್ಟಿ ಕಟ್ಟುವ ಜಾಗ ಮತ್ತು ಮರುಪರೀಕ್ಷೆ

ಮಣಿಕಟ್ಟಿಗೆ ಕಟ್ಟಿ, ಅಲ್ಲಿ ಗಾಯವಿದ್ದರೆ ಪಾದದ ಗಂಟಿಗೆ. ಶರ್ಟಿನ ಗುಂಡಿಗೆ, ಸೀರೆ ಸೆರಗಿಗೆ ಕಟ್ಟಬೇಡಿ. ಆಸ್ಪತ್ರೆಯಲ್ಲಿ ಮೊದಲು ಕತ್ತರಿಸುವುದೇ ಬಟ್ಟೆಯನ್ನು. ಪಟ್ಟಿಯೂ ಕಸದ ಬುಟ್ಟಿಗೆ ಹೋಗುತ್ತದೆ.

ಟ್ರಯಾಜ್ ಒಂದು ಸಲ ಮಾಡಿ ಮುಗಿಸುವ ಕೆಲಸವಲ್ಲ. ಸುಮಾರು 10 ನಿಮಿಷಕ್ಕೊಮ್ಮೆ ಹಳದಿ, ಹಸಿರಿನವರನ್ನು ಮತ್ತೆ ನೋಡಬೇಕು. ಕೆಡುತ್ತಿದ್ದಾರೆ ಅನ್ನುವುದಕ್ಕೆ ಗುರುತುಗಳಿವೆ. ಮೊದಲು ಕೂಗುತ್ತಿದ್ದವರು ಮೆತ್ತಗಾದರು. ನೀರು ನೀರು ಅಂತ ಒಂದೇ ಸಮನೆ ಕೇಳುತ್ತಾರೆ. ಕೈಕಾಲು ತಣ್ಣಗಾಗಿ ಬೆವರಿದೆ. ಹೊಟ್ಟೆ ಗಟ್ಟಿಯಾಗುತ್ತಿದೆ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ, ವಾಂತಿ ಮಾಡುತ್ತಾರೆ. ಒಂದು ಕಣ್ಣಿನ ಪಾಪೆ ಮಾತ್ರ ದೊಡ್ಡದಾಗಿದೆ. ಇಂಥದ್ದು ಕಂಡರೆ ಹಳೆ ಪಟ್ಟಿ ಬಿಚ್ಚಿ ಕೆಂಪು ಕಟ್ಟಿ. ನೋವು ಕಮ್ಮಿಯಾಗಿ ನಿದ್ದೆ ಬಂತು ಅಂತ ಸಮಾಧಾನ ಪಟ್ಟುಕೊಳ್ಳಬೇಡಿ.

## ಹಂತ 9: ಮೊದಲ ಆಂಬುಲೆನ್ಸ್ ಹೊರಡಬಾರದು

108ರ ಸಿಬ್ಬಂದಿಗೆ ಇದನ್ನು ಒಪ್ಪಿಸುವುದು ಕಷ್ಟ, ಸುತ್ತ ಸೇರಿದ ಜನರಿಗೆ ಒಪ್ಪಿಸುವುದು ಇನ್ನೂ ಕಷ್ಟ. ಗಾಡಿ ಬಂದ ಕೂಡಲೇ ಜನ ಸಿಕ್ಕವರನ್ನು ಹೊತ್ತು ತಂದು ಒಳಗೆ ಹಾಕುತ್ತಾರೆ, ಬಾನೆಟ್ ಬಡಿದು "ಹೊರಡಿ, ಹೊರಡಿ" ಅನ್ನುತ್ತಾರೆ. ಆ ಗಾಡಿ ಹೋದರೆ ತರಬೇತಿ ಇರುವ ಒಬ್ಬರೇ ಇಎಂಟಿ (ಆಂಬುಲೆನ್ಸಿನ ತುರ್ತು ಚಿಕಿತ್ಸಾ ಸಿಬ್ಬಂದಿ) ಇಬ್ಬರನ್ನು ಕರೆದುಕೊಂಡು ಹೋದ ಹಾಗಾಯಿತು. ಉಳಿದ 48 ಜನರಿಗೆ ಯಾರೂ ಇಲ್ಲ.

ಮೊದಲು ಬಂದ ಆಂಬುಲೆನ್ಸ್ ಅಲ್ಲೇ ನಿಲ್ಲಲಿ. ಇಎಂಟಿ ಪಟ್ಟಿ ಕಟ್ಟುತ್ತಾ ಹೋಗಲಿ. ಪೈಲಟ್, ಅಂದರೆ ಆಂಬುಲೆನ್ಸಿನ ಡ್ರೈವರ್, ಫೋನ್ ಹಿಡಿದು ಗಾಡಿಯ ಹತ್ತಿರವೇ ಇರಲಿ, ಲೆಕ್ಕ ಬರೆದುಕೊಳ್ಳಲಿ: ಕೆಂಪು 9, ಹಳದಿ 14, ಹಸಿರು 22, ಕಪ್ಪು 5. ಈ ನಾಲ್ಕು ಅಂಕಿಗಳು ಕಂಟ್ರೋಲ್ ರೂಮಿಗೆ ಹೋದ ಮೇಲೆಯೇ ಎಷ್ಟು ಗಾಡಿ, ಯಾವ ಆಸ್ಪತ್ರೆ ಅನ್ನುವುದು ನಿಜವಾಗಿ ತೀರ್ಮಾನವಾಗುತ್ತದೆ. ಎರಡನೇ ಗಾಡಿಯಿಂದ ಸಾಗಿಸಲು ಶುರು ಮಾಡಿ. ಎಲ್ಲ ಗಾಡಿಗಳೂ ಹೊರಡುವ ದಿಕ್ಕಿಗೆ ಮುಖ ಮಾಡಿ ನಿಲ್ಲಲಿ, ಕೀ ಗಾಡಿಯಲ್ಲೇ ಇರಲಿ.

ಗಾಡಿಯ ಬಾಗಿಲಲ್ಲಿ ಒಬ್ಬರು ಗಟ್ಟಿ ದನಿಯವರನ್ನು ನಿಲ್ಲಿಸಿ, ಪೊಲೀಸ್ ಆದರೆ ಒಳ್ಳೆಯದು. ಅವರ ಮಾತಿಲ್ಲದೆ ಯಾರೂ ಹತ್ತಬಾರದು. ಕೆಂಪು ಒಬ್ಬರ ಜೊತೆಗೆ ಕೂರಬಲ್ಲ ಹಸಿರು ಒಬ್ಬರು ಹೋಗಬಹುದು. ಕೆಂಪು ಎಲ್ಲ ಹೋದ ಮೇಲೆ ಹಳದಿ. ಉಳಿದ ಹಸಿರಿನವರಿಗೆ ಒಂದು ಬಸ್ಸನ್ನೇ ತರಿಸಿ ದೂರದ ಆಸ್ಪತ್ರೆಗೆ ಕಳಿಸಿ. ಜೊತೆಗೆ ಒಬ್ಬ ನರ್ಸ್ ಇರಲಿ.

## ಹಂತ 10: ಎಲ್ಲರನ್ನೂ ಒಂದೇ ಆಸ್ಪತ್ರೆಗೆ ತುಂಬಬೇಡಿ

ಹತ್ತಿರದ ಆಸ್ಪತ್ರೆಗೆ ಒಂಬತ್ತು ಕೆಂಪು ಒಟ್ಟಿಗೆ ಹೋದರೆ ಅಪಘಾತವನ್ನು ರಸ್ತೆಯಿಂದ ಎತ್ತಿ ಆಸ್ಪತ್ರೆಯ ಅಂಗಳಕ್ಕೆ ಹಾಕಿದ ಹಾಗೆ. ಕಂಟ್ರೋಲ್ ರೂಮಿನವರು ಪ್ರತಿ ಆಸ್ಪತ್ರೆಗೂ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಬೇಕು: "ಈಗಿಂದೀಗ ಎಷ್ಟು ಕೆಂಪು ತಗೋತೀರಿ?" ಹಾಸಿಗೆ ಎಷ್ಟಿವೆ ಅನ್ನುವುದಲ್ಲ, ಸರ್ಜನ್, ಅರಿವಳಿಕೆ ಡಾಕ್ಟರು, ರಕ್ತ ಇದೆಯಾ ಅನ್ನುವುದು ಮುಖ್ಯ. ಉಸಿರಿನ ದಾರಿ ತೆರೆದೇ ಇರದವರನ್ನು ಹತ್ತಿರದ ಸಕಲೇಶಪುರದಂಥ ತಾಲೂಕು ಆಸ್ಪತ್ರೆಯಲ್ಲಿ ನಿಲ್ಲಿಸಿ ಗಂಟಲಿಗೆ ಟ್ಯೂಬ್ ಹಾಕಿಸಿಕೊಂಡು ಮುಂದೆ ಹೋಗಬೇಕಾಗಬಹುದು. ಉಳಿದ ಕೆಂಪಿನವರನ್ನು ಎರಡು ಮೂರರಂತೆ ಹಾಸನಕ್ಕೆ, ಘಾಟಿಯ ಕೆಳಗಿನವರನ್ನು ಪುತ್ತೂರು, ಮಂಗಳೂರಿಗೆ ಹಂಚಿ.

2013ರಲ್ಲಿ ಬಾಸ್ಟನ್ ಮ್ಯಾರಥಾನ್ ಬಾಂಬ್ ಸ್ಫೋಟದಲ್ಲಿ 260ಕ್ಕೂ ಜಾಸ್ತಿ ಜನ ಗಾಯಗೊಂಡರು. ಮೂವರು ಸ್ಥಳದಲ್ಲೇ ತೀರಿಕೊಂಡರು. ಜೀವ ಇರುವಾಗ ಆಸ್ಪತ್ರೆ ತಲುಪಿದವರೆಲ್ಲ ಬದುಕಿದರು. ಊರಿನ ತುಂಬಾ ದೊಡ್ಡ ಆಸ್ಪತ್ರೆಗಳಿದ್ದವು ನಿಜ, ಆದರೆ ಗಾಯಾಳುಗಳನ್ನು ಅವುಗಳ ನಡುವೆ ಹಂಚಿದ್ದರು. ರಕ್ತವನ್ನು ರಸ್ತೆಯಲ್ಲೇ ಕಟ್ಟಿ ನಿಲ್ಲಿಸಿದ್ದರು.

ಹೋದ ಪ್ರತಿ ಗಾಡಿಗೂ ಒಂದು ಸಾಲು ಬರೆಯಿರಿ: ಗಾಡಿ ನಂಬರ್, ಎಷ್ಟು ಹೊತ್ತಿಗೆ ಹೊರಟಿತು, ಯಾರು (ಹೆಸರು ಗೊತ್ತಿಲ್ಲದಿದ್ದರೆ 'ನೀಲಿ ಚೂಡಿದಾರ್, ಸುಮಾರು 25 ವರ್ಷ'), ಯಾವ ಬಣ್ಣ, ಯಾವ ಆಸ್ಪತ್ರೆ. ರಾತ್ರಿಯೆಲ್ಲ ಮಗಳನ್ನು ಹುಡುಕುತ್ತಾ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವ ಅಪ್ಪನಿಗೆ ಆ ಒಂದು ಸಾಲಿನ ಬೆಲೆ ಗೊತ್ತು.

## ಹಂತ 11: ಆಸ್ಪತ್ರೆಯ ಬಾಗಿಲಲ್ಲಿ

ಇಲ್ಲಿ ಹೆಚ್ಚು ಹೇಳುವುದಿಲ್ಲ, ನಾಲ್ಕು ಮಾತು. ಒಳಗೆ ಬರಲು ಒಂದೇ ಬಾಗಿಲು, ಅಲ್ಲಿ ಅನುಭವ ಇರುವ ಒಬ್ಬ ಡಾಕ್ಟರ್ ನಿಂತು ಮತ್ತೆ ವಿಂಗಡಿಸಲಿ. ಅವರು ಬೇರೆ ಏನನ್ನೂ ಮಾಡಬಾರದು, ಹೊಲಿಗೆಯನ್ನೂ ಹಾಕಬಾರದು. ಎಂಎಲ್‌ಸಿ (ಪೊಲೀಸ್ ಕೇಸಿಗೆ ಬೇಕಾದ ವೈದ್ಯಕೀಯ ದಾಖಲೆ) ಬರೆಯುವುದಕ್ಕೆ ಚಿಕಿತ್ಸೆ ಕಾಯಬಾರದು. ಮೊದಲೇ ನಂಬರ್ ಹಾಕಿಟ್ಟ ಕೇಸ್ ಶೀಟುಗಳಿದ್ದರೆ ಹೆಸರು ಆಮೇಲೆ ತುಂಬಬಹುದು. ಹಸಿರಿನವರ ಎಕ್ಸ್‌ರೇಗೆ ಕ್ಯೂ ಹಚ್ಚಬೇಡಿ, ಅದೇ ಕೋಣೆ ಕೆಂಪಿನವರಿಗೆ ಬೇಕು. ಸಂಬಂಧಿಕರಿಗೆ ಬೇರೆ ಜಾಗದಲ್ಲಿ ಒಂದು ಟೇಬಲ್, ಒಂದು ಬೋರ್ಡು, ಮಾಹಿತಿ ಹೇಳಲು ಒಬ್ಬರೇ ಒಬ್ಬರು.

## ಈ ಕ್ರಮ ಬದಲಾಗುವ ಮೂರು ಸಂದರ್ಭ

ಸಿಡಿಲು. ಗದ್ದೆಯಲ್ಲಿ ಹತ್ತು ಜನರಿಗೆ ಒಟ್ಟಿಗೆ ಸಿಡಿಲು ಬಡಿದರೆ ಲೆಕ್ಕ ತಿರುಗುಮುರುಗಾಗುತ್ತದೆ. ಉಸಿರಾಡುತ್ತಿರುವವರು ಸಾಮಾನ್ಯವಾಗಿ ಉಳಿಯುತ್ತಾರೆ. ಉಸಿರು ನಿಂತವರಿಗೇ ಮೊದಲು ಸಿಪಿಆರ್, ಬಾಯಿಂದ ಉಸಿರು ಕೊಡಿ. ಅವರು ಮರಳುವ ಸಾಧ್ಯತೆ ಚೆನ್ನಾಗಿರುತ್ತದೆ. ಸಿಡಿಲು ಬಡಿದವರ ಮೈಯಲ್ಲಿ ಕರೆಂಟು ಉಳಿಯುವುದಿಲ್ಲ, ಧೈರ್ಯವಾಗಿ ಮುಟ್ಟಿ.

ವಿಷ. 2018ರ ಡಿಸೆಂಬರ್‌ನಲ್ಲಿ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ಕೀಟನಾಶಕ ಬೆರೆತ ಪ್ರಸಾದ ತಿಂದು ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದ್ದು ನಮಗೆಲ್ಲ ನೆನಪಿದೆ. ಅಂಥ ಕಡೆ 'ನಡೆಯುವವರು ಹಸಿರು' ಅನ್ನುವ ನಿಯಮ ನಂಬಬೇಡಿ. ತಿಂದವರೆಲ್ಲರೂ ಗಾಯಾಳುಗಳೇ, ಈಗ ಚೆನ್ನಾಗಿರುವವರನ್ನೂ ಬಿಡದೆ ಆಸ್ಪತ್ರೆಗೆ ಕಳಿಸಿ. ಬಾಯಲ್ಲಿ ಜೊಲ್ಲು, ಮೈ ತುಂಬಾ ಬೆವರು, ಸಾಸಿವೆ ಕಾಳಿನಷ್ಟಾದ ಕಣ್ಣಿನ ಪಾಪೆ, ಗುರುಗುರು ಉಸಿರು ಕಂಡರೆ ಕೆಂಪು. ವಾಂತಿ ಮಾಡಿಸಲು ಹೋಗಬೇಡಿ. ವಾಂತಿಯಾದ ಬಟ್ಟೆ ಕೈಗವಸು ಹಾಕಿಕೊಂಡೇ ಬಿಚ್ಚಿ, ಮೈ ತೊಳೆಯಿರಿ. ತಿಂದ ಆಹಾರದ ಒಂದು ತುಣುಕನ್ನು ಡಬ್ಬಿಯಲ್ಲಿ ಹಾಕಿ ಆಸ್ಪತ್ರೆಗೆ ಕೊಡಿ.

ಕಾಲ್ತುಳಿತ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ ತೀರಿಕೊಂಡರು. ಕಾಲ್ತುಳಿತ ಅನ್ನುತ್ತೇವೆ, ಆದರೆ ಇಂಥ ಕಡೆ ಕೊಲ್ಲುವುದು ಹೆಚ್ಚಾಗಿ ಎದೆಯ ಮೇಲಿನ ಒತ್ತಡ. ಎದೆ ಅಗಲವಾಗಲು ಜಾಗವೇ ಇಲ್ಲದೆ ಉಸಿರು ಕಟ್ಟುತ್ತದೆ, ನಿಂತಲ್ಲೇ ಕಟ್ಟಬಹುದು. ಮೈಮೇಲೆ ಗಾಯ ಹುಡುಕಬೇಡಿ. ರಾಶಿಯ ಹೊರ ಅಂಚಿನಿಂದ, ಮೇಲಿನಿಂದ ಜನರನ್ನು ತೆಗೆಯುತ್ತಾ ಬನ್ನಿ. ನಡುವೆ ಸಿಕ್ಕವರ ಕೈ ಹಿಡಿದು ಎಳೆಯಬೇಡಿ. ಹೊರಗೆ ತೆಗೆದ ಕೂಡಲೇ ದವಡೆ ಎತ್ತಿ. ನಗರದ ನಡುವೆ ನೆರವಿನ ಕೈಗಳು ಬೇಗ ಸಿಗುತ್ತವೆ, ಹಾಗಾಗಿ ಆಗ ತಾನೇ ಉಸಿರು ನಿಂತವರಿಗೆ ಸಿಪಿಆರ್ ಶುರು ಮಾಡಿಸಬಹುದು.

## ಪೊಲೀಸ್ ಕೇಸಿನ ಭಯ

'ಮುಟ್ಟಿದರೆ ನಮ್ಮ ಮೇಲೇ ಕೇಸು' ಅಂತ ಹಿಂದೆ ಸರಿಯುವವರು ಇವತ್ತಿಗೂ ಇದ್ದಾರೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ 134ಎ ಕಲಂ ಸೇರಿದೆ. ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಸಿವಿಲ್ ಆಗಲಿ, ಕ್ರಿಮಿನಲ್ ಆಗಲಿ ಹೊಣೆ ಬರುವುದಿಲ್ಲ. ಹೆಸರು, ವಿಳಾಸ ಕೊಡಲೇಬೇಕು ಅಂತ ಯಾರೂ ಒತ್ತಾಯಿಸುವಂತಿಲ್ಲ. ದುಡ್ಡಿನ ಭಯವೂ ಬೇಡ: 2025ರಲ್ಲಿ ಜಾರಿಯಾದ ಕೇಂದ್ರದ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುಗಳಿಗೆ ಮೊದಲ 7 ದಿನ, ಒಬ್ಬರಿಗೆ 1.5 ಲಕ್ಷ ರೂಪಾಯಿಯವರೆಗೆ ನಗದುರಹಿತ ಚಿಕಿತ್ಸೆ ಇದೆ.

## ಹಂತ 12: ಜಾಗ ಬಿಡುವ ಮೊದಲು ತಲೆ ಎಣಿಕೆ

ಕಂಡಕ್ಟರ್ ಮಾತಾಡುವ ಸ್ಥಿತಿಯಲ್ಲಿದ್ದರೆ ಟಿಕೆಟ್ ಮೆಷಿನ್ ನೋಡಲು ಹೇಳಿ. ಶಕ್ತಿ ಯೋಜನೆಯ ಶೂನ್ಯ ಟಿಕೆಟ್‌ಗಳೂ ಅದರಲ್ಲಿ ಇರುತ್ತವೆ. ಖಾಸಗಿ ಸ್ಲೀಪರ್ ಬಸ್ಸಾದರೆ ಸೀಟ್ ಚಾರ್ಟ್ ಕೇಳಿ. ಟಿಕೆಟ್ ಇಲ್ಲದ ಚಿಕ್ಕ ಮಕ್ಕಳ ಲೆಕ್ಕ ಯಾವ ಮೆಷಿನ್ನಿನಲ್ಲೂ ಇರುವುದಿಲ್ಲ, ಹಸಿರು ಗುಂಪಿನವರನ್ನು ಕೇಳಿಯೇ ತಿಳಿಯಬೇಕು. ನಿಮ್ಮ ನಾಲ್ಕು ಬಣ್ಣಗಳ ಮೊತ್ತ ಆ ಸಂಖ್ಯೆಗೆ ಸರಿಯಾಗದಿದ್ದರೆ ಯಾರೋ ಇನ್ನೂ ಸಿಕ್ಕಿಲ್ಲ. ಸೀಟಿನ ಅಡಿ, ಬಸ್ಸಿನ ಕೆಳಭಾಗ, ಉರುಳಿ ಬಂದ ದಾರಿಯ ಎರಡೂ ಬದಿಯ ಪೊದೆ, ಚರಂಡಿ, ಎಲ್ಲವನ್ನೂ ಟಾರ್ಚು ಹಿಡಿದು ಸಾಲಾಗಿ ನಡೆದು ಹುಡುಕಿ. ಐದು ನಿಮಿಷಕ್ಕೊಮ್ಮೆ ಎಲ್ಲರೂ ಮಾತು ನಿಲ್ಲಿಸಿ, ಎಂಜಿನ್ ಆಫ್ ಮಾಡಿಸಿ, ಸೀಟಿ ಊದಿ ಕಿವಿಗೊಡಿ.

ಕಳೆದ ಡ್ರಿಲ್‌ನಲ್ಲಿ ಕಾಫಿ ತೋಟದ ಬೇಲಿಯಾಚೆ ಒಬ್ಬ ವಿದ್ಯಾರ್ಥಿನಿಯನ್ನು ಬಚ್ಚಿಟ್ಟಿದ್ದೆ. 31 ಪಟ್ಟಿ ಕಟ್ಟಿ ಎಲ್ಲರೂ ಟೀ ಕುಡಿಯಲು ಕೂತಿದ್ದರು. ಒಬ್ಬ ಹೋಮ್ ಗಾರ್ಡ್ ಮಾತ್ರ ಲೋಟ ಕೆಳಗಿಟ್ಟು, "ಸಾರ್, ಚಾರ್ಟಲ್ಲಿ 32 ಇದೆ" ಅಂತ ಟಾರ್ಚು ತಗೊಂಡು ಎದ್ದ.